ಹಳೆಯ ಮಾರುಕಟ್ಟೆ, ಹಳೆಯ ಕಚೇರಿ: ರಿಪೇರಿ ಮಾಡಿ ಬಳಸಬೇಕೇ, ಬಿಚ್ಚಿ ಮತ್ತೆ ಕಟ್ಟಬೇಕೇ?

ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡದ ಬಗ್ಗೆ ಒಂದು ದಶಕಕ್ಕೂ ಮೀರಿ ವಾದ ನಡೆದಿದೆ. ತಜ್ಞರ ಸಮಿತಿಗಳೇ ಎರಡು ದಾರಿ ಹಿಡಿದವು. ಪ್ರಶ್ನೆ ಆ ಎರಡು ಕಟ್ಟಡಗಳಿಗಷ್ಟೇ ಸೇರಿದ್ದಲ್ಲ. ನೂರು ವರ್ಷ ದಾಟಿದ ಕಚೇರಿ, ಕೋರ್ಟು, ಮಾರುಕಟ್ಟೆ ಕಟ್ಟಡಗಳು ಬಿರುಕು ಬಿಟ್ಟಾಗಲೆಲ್ಲ ಇದೇ ಪ್ರಶ್ನೆ ಏಳುತ್ತದೆ. ರಿಪೇರಿ ಮಾಡಿ ಉಳಿಸುವುದರ ಪರವಾಗಿ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಕಡೆಯಿಂದ ಒಂದು ಬರಹ, ವಿರೋಧವಾಗಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಕಡೆಯಿಂದ ಇನ್ನೊಂದು ಇಲ್ಲಿವೆ.

ಪರ: ಬೀಳಿಸುವುದು ವಯಸ್ಸಲ್ಲ, ನೀರು

ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲ ಭಾಗ ಉರುಳಿದ್ದು 2016ರ ಆಗಸ್ಟ್‌ನಲ್ಲಿ, ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಎರಡೂ ಮಳೆಗಾಲದಲ್ಲೇ ಆದವು. ಕಾಕತಾಳೀಯ ಎಂದು ತಳ್ಳಿಹಾಕುವ ಮೊದಲು ಸುಣ್ಣದ ಗಾರೆಯ ಗೋಡೆ ಕೆಡುವ ಬಗೆಯನ್ನು ನೋಡಬೇಕು.

ಆ ಕಾಲದ ಸಾರ್ವಜನಿಕ ಕಟ್ಟಡಗಳಲ್ಲಿ ಎರಡಡಿ ದಪ್ಪದ ಗೋಡೆ ಸಾಮಾನ್ಯ. ಇಟ್ಟಿಗೆ ಮೆತ್ತನೆಯದು, ಗಾರೆ ಅದಕ್ಕಿಂತ ಮೆತ್ತನೆಯದು. ಸಣ್ಣಪುಟ್ಟ ಅಲುಗಾಟವನ್ನೆಲ್ಲ ಗಾರೆ ನುಂಗಿಕೊಳ್ಳುತ್ತದೆ. ಒಳಹೊಕ್ಕ ತೇವ ಗಾರೆಯ ಮೂಲಕವೇ ಆರಿಹೋಗುತ್ತದೆ. ಹೊಕ್ಕಷ್ಟು ಆರುತ್ತಿರುವವರೆಗೆ ಗೋಡೆಗೆ ವಯಸ್ಸು ಲೆಕ್ಕಕ್ಕಿಲ್ಲ. ತೊಂದರೆ ಶುರುವಾಗುವುದು ಮೇಲಿಂದ. 500 ಚದರ ಮೀಟರ್ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 25,000 ಲೀಟರ್ ನೀರು. ಗಂಟೆಗೆ 100 ಮಿ.ಮೀ. ರಭಸದ ಮಳೆಯಲ್ಲಿ 100 ಮಿ.ಮೀ. ವ್ಯಾಸದ ಒಂದು ಪೈಪು ಇಳಿಸಬಲ್ಲದ್ದು ಸುಮಾರು 40 ಚದರ ಮೀಟರ್ ಚಾವಣಿಯ ನೀರನ್ನು ಮಾತ್ರ. ಅಂದರೆ ಅಷ್ಟು ತಾರಸಿಗೆ ಹನ್ನೆರಡು ಹದಿಮೂರು ಪೈಪು ಬೇಕು. ಇರುವುದು ನಾಲ್ಕೇ ಆಗಿ, ಅವುಗಳಲ್ಲಿ ಎರಡರ ಬಾಯಿಗೆ ಬಾಳೆಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿದ್ದರೆ ಉಳಿದ ನೀರು ಹೋಗುವುದು ಗೋಡೆಯ ತಲೆಯೊಳಕ್ಕೆ. ವರ್ಷಾನುವರ್ಷ ಹೀಗಾದರೆ ಗಾರೆಯ ಸುಣ್ಣ ತೊಳೆದುಹೋಗಿ ಮರಳಷ್ಟೇ ಉಳಿಯುತ್ತದೆ. ಹಕ್ಕಿ ಹಿಕ್ಕೆಯ ಅರಳಿ ಬೀಜ ಮೊಳೆಯುವುದೂ ಅದೇ ಜಾಗದಲ್ಲಿ.

ಇದರ ಮೇಲೆ ಒಳ್ಳೆಯ ಮನಸ್ಸಿನಿಂದ ಮಾಡುವ ಕೆಡುಕು ಒಂದಿದೆ: ಸಿಮೆಂಟ್ ಪ್ಲಾಸ್ಟರ್. ಗೋಡೆ ಉದುರುತ್ತಿದೆ ಎಂದು ಕಂಡ ತಕ್ಷಣ ಗುತ್ತಿಗೆದಾರ 20 ಮಿ.ಮೀ. ಸಿಮೆಂಟ್ ಬಳಿಯುತ್ತಾನೆ. ನೀರು ಮೇಲಿಂದ ಇಳಿಯುವುದು ನಿಂತಿರುವುದಿಲ್ಲ, ಆರುವ ದಾರಿ ಮಾತ್ರ ಮುಚ್ಚಿಹೋಗಿರುತ್ತದೆ. ತೇವದೊಂದಿಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಪ್ಲಾಸ್ಟರ್ ಹಲಗೆಯಂತೆ ಕಳಚಿ ಬಿದ್ದಾಗ ಅದರ ಬೆನ್ನಿಗೆ ಅರ್ಧ ಇಂಚು ಇಟ್ಟಿಗೆ ಅಂಟಿಕೊಂಡು ಬಂದಿರುತ್ತದೆ. ಆಗ ಬರುವ ಮಾತು, "ಇಟ್ಟಿಗೆಯಲ್ಲಿ ಸತ್ವವೇ ಇಲ್ಲ, ಕೆಡವಿಬಿಡಿ."

ಚಾವಣಿಯದೂ ಇದೇ ಕಥೆ. ಮದ್ರಾಸ್ ತಾರಸಿಯಲ್ಲಿ ಒಂದೂವರೆ ಅಡಿಗೊಂದರಂತೆ ತೇಗದ ಜಂತೆ, ಅದರ ಮೇಲೆ ಒಂದಿಂಚು ದಪ್ಪದ ತೆಳು ಇಟ್ಟಿಗೆಯನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಮೇಲೆ ಮೂರಿಂಚು ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಾಂಕ್ರೀಟು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ್ದು. ಕೊಡತಿ ಪುಟಿಯತೊಡಗಿ, ಏಟು ಗುರುತು ಬಿಡದಂತಾದಾಗ ಬಡಿತ ಮುಗಿಯಿತು ಎಂದು ಲೆಕ್ಕ. ಎಲ್ಲಕ್ಕಿಂತ ಮೇಲೆ ಚಪ್ಪಟೆ ಹೆಂಚು. ಇದು ಕೆಡುವುದು ನಡುವಿನಲ್ಲಲ್ಲ. ಜಂತೆಯ ತುದಿ ಗೋಡೆಯೊಳಗೆ ಆರೆಂಟು ಇಂಚು ಹೂತಿರುತ್ತದಲ್ಲ, ಅಲ್ಲಿ. ಗೋಡೆ ನೆನೆದರೆ ಆ ತುದಿ ಕೊಳೆಯುತ್ತದೆ. ಹೊರಗೆ ಕಾಣುವ ಹದಿನಾಲ್ಕಡಿ ತೇಗ ಹೊಸದರಂತೆಯೇ ಇರುತ್ತದೆ. ಕೆಳಗಿನಿಂದ ಜಾಕಿ ಕೊಟ್ಟು, ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಹೊಸ ತೇಗದ ತುಂಡನ್ನು ಓರೆ ಜೋಡಣೆಯಲ್ಲಿ ಕೂಡಿಸಿ ಬೋಲ್ಟ್ ಹಾಕಿದರೆ ಅಥವಾ ಸ್ಟೀಲ್ ಷೂ ತೊಡಿಸಿ ಗೋಡೆಯ ಮೇಲೆ ಕೂರಿಸಿದರೆ ಜಂತೆ ಇನ್ನೊಂದು ಶತಮಾನ ಬಾಳುತ್ತದೆ. ತುದಿಯ ಸುತ್ತ ಬೆರಳು ಹೋಗುವಷ್ಟು ಗಾಳಿಯ ಜಾಗ ಬಿಡಬೇಕು. ಇದನ್ನು ಮರೆತು ಗಾರೆ ತುಂಬಿದರೆ ಹತ್ತು ವರ್ಷಕ್ಕೆ ಮತ್ತೆ ಅದೇ ಹಾಡು.

ಮೂರನೆಯ ಕಾರಣ ಮನುಷ್ಯರು. ಮೊದಲು ಅಂಗಡಿಗಳಿಗೆ ಹಲಗೆ ಬಾಗಿಲಿತ್ತು, ಈಗ ರೋಲಿಂಗ್ ಶಟರ್. ಶಟರಿನ ಡ್ರಮ್ಮಿಗೆ ಜಾಗ ಬೇಕೆಂದು ಕಮಾನಿನ ಹೊಟ್ಟೆ ಕಡಿಯುತ್ತಾರೆ. ಗೈಡು ಕೂರಿಸಲು ಕಂಬದ ಎರಡೂ ಪಕ್ಕ ಕಡಿಯುತ್ತಾರೆ. 60 ಸೆಂ.ಮೀ. ಕಂಬವನ್ನು ಎರಡು ಕಡೆ ಹತ್ತು ಹತ್ತು ಕಡಿದರೆ ಉಳಿಯುವುದು 40. ಅದೇ ಭಾರ, ಒತ್ತಡ ಒಂದೂವರೆ ಪಟ್ಟು. ಒಂದೇ ಪಕ್ಕ ಕಡಿದರೆ ಇನ್ನೂ ಕೆಟ್ಟದ್ದು, ಭಾರ ನಡುವಿನಿಂದ ಸರಿಯುತ್ತದೆ. ಒಳಗೆ ಅಟ್ಟ ಹಾಕಿ, ಎರಡು ಚದರ ಮೀಟರಿನಲ್ಲಿ 50 ಕಿಲೋದ ಇಪ್ಪತ್ತು ಚೀಲ ಈರುಳ್ಳಿ ಪೇರಿಸಿದರೆ ಚದರ ಮೀಟರಿಗೆ 500 ಕಿಲೋ ಆಯಿತು. ಇಂದಿನ ಕಟ್ಟಡ ಸಂಹಿತೆ ಅಂಗಡಿಯ ನೆಲಕ್ಕೇ ಹಿಡಿಯುವ ಲೆಕ್ಕ ಸುಮಾರು 400. ಹಳೆಯ ಗೋಡೆಗೆ ರಂಧ್ರ ಹೊಡೆದು ಸಿಕ್ಕಿಸಿದ ಆಂಗಲ್ಲಿನ ಮೇಲೆ ಈ ಭಾರ ನಿಂತಿರುತ್ತದೆ.

ಇವುಗಳಲ್ಲಿ ಒಂದಕ್ಕೂ ಕೆಡವುವುದು ಮದ್ದಲ್ಲ. ನೀರು ತಿರುಗಿಸಿ, ಸಿಮೆಂಟ್ ಕೀಳಿ, ಅಟ್ಟ ಇಳಿಸಿ, ಕಂಬ ತುಂಬಿಸಿ. ಅದಕ್ಕೂ ಮುಂಚೆ ತಪಾಸಣೆ ಸರಿಯಾಗಿ ಆಗಬೇಕು. ಹಳೆಯ ಇಟ್ಟಿಗೆ ಗೋಡೆಗೆ ರಿಬೌಂಡ್ ಹ್ಯಾಮರ್ (ಪುಟಿತದಿಂದ ಗಟ್ಟಿತನ ಅಳೆಯುವ ಸುತ್ತಿಗೆ) ಬಡಿದು "ಬಲ ಸಾಲದು" ಎಂದು ಬರೆದ ವರದಿಗೆ ಬೆಲೆ ಕೊಡಬೇಕಿಲ್ಲ. ಆ ಉಪಕರಣ ಕಾಂಕ್ರೀಟಿಗಾಗಿ ಮಾಡಿದ್ದು. ಗೋಡೆಗೆ ಬೇಕಾದದ್ದು ಫ್ಲ್ಯಾಟ್ ಜ್ಯಾಕ್: ಒಂದು ಗಾರೆ ಸಾಲನ್ನು ಕೊಯ್ದು, ಆ ಸೀಳಿನಲ್ಲಿ ತೆಳು ಲೋಹದ ಚೀಲವಿಟ್ಟು ಎಣ್ಣೆಯ ಒತ್ತಡ ಏರಿಸುತ್ತ, ಸೀಳು ಮೊದಲಿನ ಅಳತೆಗೆ ಮರಳಿದಾಗಿನ ಒತ್ತಡವನ್ನು ಓದುವುದು. ಗೋಡೆ ಈಗ ಹೊತ್ತಿರುವ ಭಾರ ಎಷ್ಟೆಂದು ಅದರಿಂದ ಸಿಗುತ್ತದೆ. ಬಿರುಕುಗಳಿಗೆ ಗಾಜಿನ ಪಟ್ಟಿ ಅಥವಾ ಅಳತೆಗೆಂದು ಸಣ್ಣ ಲೋಹದ ಗುಂಡಿಗಳನ್ನು ಅಂಟಿಸಿ ಒಂದು ಪೂರ್ತಿ ವರ್ಷ, ಅಂದರೆ ಬೇಸಿಗೆ ಮತ್ತು ಮಳೆ ಎರಡನ್ನೂ ನೋಡಬೇಕು. ಬಿಸಿಲಿಗೆ ತೆರೆದು ಮಳೆಗೆ ಮುಚ್ಚುವ ಬಿರುಕು ಬೇರೆ, ತಿಂಗಳಿಂದ ತಿಂಗಳಿಗೆ ಅಗಲವಾಗುತ್ತಲೇ ಹೋಗುವ ಬಿರುಕು ಬೇರೆ. ಎರಡನೆಯದರ ಬುಡದಲ್ಲಿ ಗುಂಡಿ ತೆಗೆದು ಪಾಯ ನೋಡಬೇಕು. ದೇವರಾಜ ಮಾರುಕಟ್ಟೆ ಇರುವ ಕಡೆ ಹಿಂದೆ ಪೂರ್ಣಯ್ಯನ ನಾಲೆ ಹಾದುಹೋಗುತ್ತಿತ್ತು. ತುಂಬಿದ ಮಣ್ಣಿನ ಮೇಲಿನ ಪಾಯವನ್ನು ಊಹೆಯ ಮೇಲೆ ಬಿಡಲಾಗದು.

ನಂತರದ ಕೆಲಸಕ್ಕೆ ಕ್ರಮವಿದೆ, ಆ ಕ್ರಮ ತಪ್ಪಿದರೆ ದುರಸ್ತಿಯೇ ಕಟ್ಟಡವನ್ನು ಬೀಳಿಸುತ್ತದೆ. ಮೊದಲು ಪ್ರತಿ ಕಮಾನಿನ ಕೆಳಗೆ ಮರದ ಸೆಂಟ್ರಿಂಗ್ (ಕಮಾನನ್ನು ಹೊರುವ ಚೌಕಟ್ಟು) ಮತ್ತು ಊರೆ (ಆಸರೆ ಕಂಬ). ಆಮೇಲೆ ತಾರಸಿಯ ಭಾರ ಇಳಿಸುವುದು, ಎರಡೂ ಬದಿಯಿಂದ ಸಮಸಮವಾಗಿ. ಒಂದೇ ಬದಿಯಿಂದ ಬಿಚ್ಚುತ್ತ ಹೋದರೆ ಸಾಲುಗಮಾನಿನ ಎದುರು ಒತ್ತು ತಪ್ಪಿ ಕೊನೆಯ ಕಂಬ ಹೊರಕ್ಕೆ ವಾಲುತ್ತದೆ. ಬಿರುಕು ಬಿಟ್ಟ ಗೋಡೆಗೆ ಅರ್ಧ ಮೀಟರಿಗೊಂದರಂತೆ ಅಂಕುಡೊಂಕು ಸಾಲಿನಲ್ಲಿ ರಂಧ್ರ ಕೊರೆದು, ಹಿಂದಿನ ದಿನವೇ ನೀರು ಹಾಯಿಸಿ ತೊಳೆದು, ಹೈಡ್ರಾಲಿಕ್ ಸುಣ್ಣ (ನೀರು ಸೇರಿದರೆ ಗಟ್ಟಿಯಾಗುವ ಸುಣ್ಣ) ಮತ್ತು ನುಣ್ಣನೆಯ ಸುರ್ಕಿಯ (ಇಟ್ಟಿಗೆ ಪುಡಿಯ) ಗ್ರೌಟನ್ನು, ಅಂದರೆ ತೆಳು ಗಾರೆಯನ್ನು, ಕೆಳಗಿನ ಸಾಲಿನಿಂದ ಮೇಲಕ್ಕೆ ತುಂಬಬೇಕು. ಪಕ್ಕದ ರಂಧ್ರದಲ್ಲಿ ಗ್ರೌಟು ಕಾಣಿಸಿದರೆ ನಿಲ್ಲಿಸಿ ಮುಂದಿನದಕ್ಕೆ ಹೋಗಬೇಕು. ಒತ್ತಡ ಒಂದು ಬಾರ್ ದಾಟಬಾರದು. ಅವಸರದಲ್ಲಿ ಪಂಪು ಏರಿಸಿದರೆ ಗೋಡೆಯ ಎರಡು ಮುಖಗಳೂ ಉಬ್ಬಿ ಬೇರೆಯಾಗುತ್ತವೆ. ನಾಲ್ಕಾರು ಇಟ್ಟಿಗೆ ಸಾಲಿಗೊಮ್ಮೆ ಗಾರೆ ಸಾಲಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ತಿರುಚು ಕಂಬಿ ಹೂತು ಬಿರುಕನ್ನು ಹೊಲಿಯಬೇಕು. ಕೊನೆಗೆ ಸುಣ್ಣದ ಪ್ಲಾಸ್ಟರ್, ಒಂದು ಕೋಟಿನಿಂದ ಇನ್ನೊಂದಕ್ಕೆ ವಾರ ಹತ್ತು ದಿನ ಬಿಟ್ಟು. ಸುಣ್ಣವನ್ನು ಎರಡು ಮೂರು ವಾರವಾದರೂ ನೀರಿನಡಿ ಕೊಳೆಹಾಕಿರಬೇಕು. ಹಾಗೆ ಮಾಡದಿದ್ದರೆ ಅರಳದ ಕಣಗಳು ಗೋಡೆಯ ಮೇಲೆ ಸಿಡಿದು ಗುಳಿ ಬೀಳುತ್ತವೆ.

ಇನ್ನು ಬಳಕೆಯ ಮಾತು. ನಮ್ಮಲ್ಲಿ ಹಳೆಯ ಕಟ್ಟಡ ಎಂದ ಕೂಡಲೇ ಮ್ಯೂಸಿಯಂ ಎನ್ನುತ್ತಾರೆ. ಸರ್ಕಾರಿ ಕಟ್ಟಡಗಳ ಇತಿಹಾಸ ಬೇರೆಯೇ ಹೇಳುತ್ತದೆ. ಬೆಂಗಳೂರಿನ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ಸಚಿವಾಲಯ ನಡೆಯುತ್ತಿತ್ತು. ಕಮಿಷನರ್ ಬೌರಿಂಗ್ ಕಾಲದಲ್ಲಿ, 1868ರಲ್ಲಿ, ಅದು ಅಠಾರ ಕಚೇರಿಗೆ ಬಂತು. ಹದಿನೆಂಟು ಇಲಾಖೆಗಳ ಆ ಕಟ್ಟಡ ಇಲಾಖೆಗಳೆಲ್ಲ ವಿಧಾನಸೌಧಕ್ಕೆ ಹೋದ ಮೇಲೂ ಖಾಲಿ ಬೀಳಲಿಲ್ಲ, ಹೈಕೋರ್ಟ್ ಅಲ್ಲೇ ಇದೆ. 1980ರ ದಶಕದಲ್ಲಿ ಕೆಡವುವ ಪ್ರಸ್ತಾವ ಬಂದಾಗ ನಾಗರಿಕರು ಅಡ್ಡ ನಿಂತರು. ಬೇಕಾದ ಹೆಚ್ಚುವರಿ ಜಾಗವನ್ನು ಹಿಂದುಗಡೆ ಕಟ್ಟಿಕೊಂಡದ್ದಾಯಿತು. ಎತ್ತರದ ಹಜಾರ, ಸುತ್ತ ಜಗಲಿ, ದಪ್ಪ ಗೋಡೆ ಇರುವ ಕಟ್ಟಡಕ್ಕೆ ಬಳಕೆ ಬದಲಿಸುವುದು ಸುಲಭ.

ನ್ಯೂಯಾರ್ಕಿನ ಜೆಫರ್ಸನ್ ಮಾರ್ಕೆಟ್ ಕೋರ್ಟ್‌ಹೌಸ್ ನೋಡಿ. ವಿಥರ್ಸ್ ಮತ್ತು ವಾಕ್ಸ್ ಅವರ ವಿನ್ಯಾಸ, 1877ರ ಹೊತ್ತಿಗೆ ಮುಗಿದದ್ದು. ಕೆಂಪಿಟ್ಟಿಗೆ, ಬಿಳಿ ಕಲ್ಲಿನ ಪಟ್ಟೆ, ಮೂಲೆಯಲ್ಲಿ ಬೆಂಕಿ ಕಾವಲಿನ ಗೋಪುರ. 1945ರಲ್ಲಿ ಕೋರ್ಟು ನಿಂತಿತು, ಹರಾಜಿನ ಮಾತು ಬಂತು, ಬಡಾವಣೆಯವರು ಹೋರಾಡಿ ಉಳಿಸಿಕೊಂಡರು. 1967ರಲ್ಲಿ ಕವಲಿಯೇರಿ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಅದು ಗ್ರಂಥಾಲಯವಾಯಿತು. ಪೊಲೀಸ್ ಕೋರ್ಟು ಮಕ್ಕಳ ವಿಭಾಗ, ಮೇಲಿನ ಸಿವಿಲ್ ಕೋರ್ಟು ವಾಚನಾಲಯ, ಕೈದಿಗಳನ್ನು ಕೂಡುತ್ತಿದ್ದ ಇಟ್ಟಿಗೆ ಕಮಾನಿನ ನೆಲಮಾಳಿಗೆ ಉಲ್ಲೇಖ ಗ್ರಂಥಗಳ ಕೋಣೆ. ನಮ್ಮಲ್ಲಿ ಹೀಗೆ ಮಾಡುವವರು ಭಾರದ ಲೆಕ್ಕ ಮರೆಯಬಾರದು: ಪುಸ್ತಕದ ಕಪಾಟಿನ ಕೋಣೆಗೆ ಸಂಹಿತೆ ಚದರ ಮೀಟರಿಗೆ ಕನಿಷ್ಠ 6 ಕಿಲೋನ್ಯೂಟನ್ (ಸುಮಾರು 600 ಕಿಲೋ ಭಾರ) ಕೇಳುತ್ತದೆ, ಕಪಾಟು 2.2 ಮೀಟರಿಗಿಂತ ಎತ್ತರವಾದರೆ ಇನ್ನೂ ಹೆಚ್ಚು. ಹಾಗಾಗಿ ದಾಸ್ತಾನು ಕೆಳಗೆ, ಓದುವ ಮೇಜು ಮೇಲೆ.

ಮಾರುಕಟ್ಟೆಗೆ ಮಾತ್ರ ಬಳಕೆ ಬದಲಿಸುವ ಪ್ರಶ್ನೆಯೇ ಬೇಡ. ಲಂಡನ್ನಿನ ಕಾವೆಂಟ್ ಗಾರ್ಡನ್‌ನಿಂದ 1974ರಲ್ಲಿ ಹಣ್ಣು ತರಕಾರಿ ವ್ಯಾಪಾರ ಹೊರಹೋಯಿತು. 1980ರಲ್ಲಿ ಕಟ್ಟಡ ಮತ್ತೆ ತೆರೆದಾಗ ಅದು ಪ್ರವಾಸಿಗರ ಅಂಗಡಿಸಾಲು. ಕಟ್ಟಡ ಗೆದ್ದಿತು, ಮಾರುಕಟ್ಟೆ ಸೋತಿತು. ಪ್ಯಾರಿಸ್ಸಿನ ಲೆ ಆಲ್ ಮಾರುಕಟ್ಟೆಯಲ್ಲಿ ಎರಡೂ ಸೋತವು: ನೂರು ವರ್ಷ ಬಾಳಿದ, ವಾಸ್ತುಶಿಲ್ಪಿ ಬಾಲ್ತಾರ್‌ನ ಕಬ್ಬಿಣದ ಮಂಟಪಗಳನ್ನು 1971ರಲ್ಲಿ ಬಿಚ್ಚಿ, 1979ರಲ್ಲಿ ತೆರೆದ ನೆಲದಡಿಯ ಮಾಲನ್ನು ನಲವತ್ತು ವರ್ಷ ತುಂಬುವ ಮೊದಲೇ ಒಡೆದು ಹೊಸದಾಗಿ ರೂಪಿಸಬೇಕಾಯಿತು. ಹೊಸದು ಬಾಳಿಕೆ ಬರುತ್ತದೆ ಎನ್ನುವವರು ಇದನ್ನು ಎಣಿಸಲಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲೂ 1990ರ ದಶಕದಲ್ಲಿ ಹಳೆಯ ಮುಖಗಳ ನಡುವೆ ಮೂರು ಮಹಡಿಯ ಹೊಸ ಕಟ್ಟಡ ಎದ್ದಿತು. ವ್ಯಾಪಾರ ಈಗಲೂ ಅದರ ಮುಂದಿನ ಬೀದಿಯಲ್ಲೇ. ಹೂವು, ಸೊಪ್ಪು ಕೊಳ್ಳುವವರು ಮೆಟ್ಟಿಲು ಹತ್ತುವುದಿಲ್ಲ. ದೇವರಾಜ ಮಾರುಕಟ್ಟೆ 1886ರಿಂದ ನೆಲಮಟ್ಟದಲ್ಲೇ ಹರಡಿಕೊಂಡಿರುವುದು, ಸುತ್ತ ಅಂಗಡಿ ಒಳಗೆ ತೆರೆದ ಓಣಿ ಇಟ್ಟುಕೊಂಡಿರುವುದು ವ್ಯಾಪಾರ ತಿಳಿದವರು ಹಾಕಿದ ನಕ್ಷೆ.

ವಿರೋಧ: ಗೋಡೆಯೊಳಗೆ ಏನಿದೆ ಎಂದು ಸಹಿ ಹಾಕುವವರು ಯಾರು?

ಮೇಲಿನ ಬರಹದ ತಾಂತ್ರಿಕ ಮಾತುಗಳಲ್ಲಿ ಹೆಚ್ಚಿನವು ಸರಿ. ಸಿಮೆಂಟ್ ಪ್ಲಾಸ್ಟರ್, ಶಟರು, ಅಟ್ಟಗಳ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅಲ್ಲಿಂದ ಮುಂದಕ್ಕೆ. ಕಟ್ಟಡ ಯಾಕೆ ಕೆಟ್ಟಿತು ಎಂದು ಗೊತ್ತಾದ ಮಾತ್ರಕ್ಕೆ ಅದು ಎಷ್ಟು ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ.

ಎರಡಡಿ ಗೋಡೆ ಎಂದರೆ ಹೊರಗಿನಿಂದ ಒಳಗಿನವರೆಗೆ ಒಂದೇ ಬಗೆಯ ಇಟ್ಟಿಗೆ ಕೆಲಸ ಎಂದು ನಂಬಬೇಡಿ. ಎರಡು ಮುಖಗಳಲ್ಲಿ ಒಳ್ಳೆಯ ಇಟ್ಟಿಗೆ, ನಡುವೆ ಚೂರು ಪಾರು, ಕೆಲವೆಡೆ ಸುಣ್ಣದ ಬದಲು ಮಣ್ಣು ತುಂಬಿದ ಗೋಡೆಗಳು ಆ ಕಾಲದ ಸರ್ಕಾರಿ ಕೆಲಸದಲ್ಲೂ ಸಿಗುತ್ತವೆ. ಅಲ್ಲಿಗೆ ಸುಣ್ಣದ ಗ್ರೌಟು ಹೊಕ್ಕರೂ ಮಣ್ಣಿಗೆ ಅಂಟುವುದಿಲ್ಲ. ತೊಳೆಯಲು ಹಾಯಿಸಿದ ನೀರೇ ಮಣ್ಣನ್ನು ಕೆಳಕ್ಕೆ ಇಳಿಸಿ ಮೇಲೆ ಪೊಳ್ಳು ಮಾಡುತ್ತದೆ. ಎಂಡೋಸ್ಕೋಪ್ (ರಂಧ್ರದೊಳಗೆ ಹೋಗುವ ಸಣ್ಣ ಕ್ಯಾಮೆರಾ) ಇಳಿಸಿ ನೋಡಬಹುದು, ಸರಿ. ಅದು ತೋರಿಸುವುದು ಆ ಒಂದು ರಂಧ್ರದ ಸುತ್ತಲಿನ ಒಂದು ಗೇಣು. ಫ್ಲ್ಯಾಟ್ ಜ್ಯಾಕ್ ಕೂಡ ಒಂದು ಕಂಬದ ಒಂದು ಜಾಗದ ಉತ್ತರ. ನೂರಾರು ಅಂಗಡಿಗಳಿರುವ ಮಾರುಕಟ್ಟೆಯಲ್ಲಿ ನೂರಾರು ಕಂಬ. ಒಂದೊಂದನ್ನೂ ಒಬ್ಬೊಬ್ಬ ಬಾಡಿಗೆದಾರ ಬೇರೆ ಬೇರೆ ವರ್ಷ ಬೇರೆ ಬೇರೆ ಕಡೆ ಕಡಿದಿದ್ದಾನೆ. ಹತ್ತು ಕಂಬದ ಪರೀಕ್ಷೆಯಿಂದ ಉಳಿದವುಗಳ ಬಗ್ಗೆ ಸಹಿ ಹಾಕುವ ಎಂಜಿನಿಯರು ಧೈರ್ಯವಂತನಲ್ಲ, ಅಜಾಗರೂಕ.

2016ರ ಕುಸಿತವನ್ನು ಪರ ಬರಹ ನೀರಿನ ಲೆಕ್ಕಕ್ಕೆ ಬರೆದಿದೆ. ದುರಸ್ತಿ ನಡೆಯುತ್ತಿದ್ದಾಗಲೇ ಬಿದ್ದದ್ದು ಎಂಬ ಅರ್ಧವನ್ನು ಅದು ಹೇಳಿಯೂ ಅದರ ಮೇಲೆ ನಿಲ್ಲಲಿಲ್ಲ. ದುರಸ್ತಿಯ ಕ್ರಮ ಕಾಗದದ ಮೇಲೆ ಚಂದ. ಆ ಕ್ರಮ ತಪ್ಪದೆ ಆರೇಳು ವರ್ಷ ನಡೆಯಬೇಕು, ಕಡಿಮೆ ದರ ಕೂಗಿದವನ ಟೆಂಡರಿನಲ್ಲಿ, ಕೆಳಗೆ ವ್ಯಾಪಾರ ನಡೆಯುತ್ತಿರುವಾಗಲೇ. ಆರೇಳು ವರ್ಷ ಎಂಬುದು ಬಾಯಿಮಾತಲ್ಲ. ಅಂಗಡಿ ನಾನೂರೇ ಎಂದಿಟ್ಟುಕೊಳ್ಳಿ. ಒಂದು ಹಂತಕ್ಕೆ ಇಪ್ಪತ್ತು ಅಂಗಡಿ, ಊರೆ ಕೊಡುವುದರಿಂದ ಕೊನೆಯ ಕೋಟು ಒಣಗುವವರೆಗೆ ನಾಲ್ಕು ತಿಂಗಳು. ಇಪ್ಪತ್ತು ಹಂತ, ಎಂಬತ್ತು ತಿಂಗಳು. ಸುಣ್ಣದ ಕೆಲಸವನ್ನು ಇದಕ್ಕಿಂತ ಅವಸರಿಸಲಾಗದು, ಅದು ಗಾಳಿಯನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವ ವಸ್ತು. ಅಷ್ಟರಲ್ಲಿ ಎಷ್ಟು ಆಯುಕ್ತರು, ಎಷ್ಟು ಬಜೆಟ್ಟು ಬದಲಾಗುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ. ಅರ್ಧಕ್ಕೆ ನಿಂತ ದುರಸ್ತಿ, ತಾರಸಿ ಬಿಚ್ಚಿಟ್ಟ ಗೋಡೆ, ಮುಟ್ಟದ ಗೋಡೆಗಿಂತ ಅಪಾಯ.

ಅಠಾರ ಕಚೇರಿಯ ಉದಾಹರಣೆ ನನ್ನ ವಾದಕ್ಕೇ ಅನುಕೂಲ. ಅದಕ್ಕೆ ಯಜಮಾನ ಒಬ್ಬನೇ, ಬಳಕೆ ಒಂದೇ, ನಿರ್ವಹಣೆಗೆ ಲೋಕೋಪಯೋಗಿ ಇಲಾಖೆ. ಕಂಬ ಕಡಿದು ಶಟರು ಹಾಕುವ ಬಾಡಿಗೆದಾರ ಅಲ್ಲಿಲ್ಲ, ಮೋರಿಗೆ ಬಾಳೆಲೆ ತುರುಕುವವರಿಲ್ಲ. ಹಾಗಾಗಿ ನೂರೈವತ್ತು ವರ್ಷ ದಾಟಿಯೂ ಗಟ್ಟಿ. ಕೋರ್ಟು ಕಟ್ಟಡವನ್ನು ಉಳಿಸಿ ಬಳಸುವುದನ್ನು ನಾನೂ ಒಪ್ಪುತ್ತೇನೆ. ಮಾರುಕಟ್ಟೆಯ ಜೀವನ ಬೇರೆ: ದಿನವೂ ನೆಲ ತೊಳೆಯುತ್ತಾರೆ, ತೇವ ಬುಡದಿಂದ ಏರುತ್ತದೆ, ಮೂಟೆ ಎಸೆಯುತ್ತಾರೆ, ಕೈಗಾಡಿ ಕಂಬಕ್ಕೆ ಗುದ್ದುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ. ಜೆಫರ್ಸನ್ ಮಾರ್ಕೆಟ್ಟಿನ ಕಥೆಯನ್ನೂ ಪೂರ್ತಿ ಹೇಳಬೇಕಿತ್ತು. ಅಲ್ಲಿ ಉಳಿದದ್ದು ಕೋರ್ಟು. ಪಕ್ಕದಲ್ಲಿದ್ದ ನಿಜವಾದ ಮಾರುಕಟ್ಟೆಯನ್ನು 1927ರಲ್ಲೇ ಕೆಡವಿ ಹೆಂಗಸರ ಜೈಲು ಕಟ್ಟಿದರು, ಜೈಲನ್ನೂ 1974ರಲ್ಲಿ ಕೆಡವಿದರು, ಈಗ ಅಲ್ಲಿ ತೋಟ. ಹೆಸರಲ್ಲಷ್ಟೇ ಮಾರ್ಕೆಟ್ ಇದೆ.

ಬೆಂಕಿಯ ವಿಷಯಕ್ಕೆ ಪರ ಬರಹ ಬಂದೇ ಇಲ್ಲ. ಬೆಂಗಳೂರಿನ ರಸೆಲ್ ಮಾರುಕಟ್ಟೆ 2012ರ ಫೆಬ್ರವರಿಯಲ್ಲಿ ಹೊತ್ತಿಕೊಂಡಿತು, ಎಷ್ಟೋ ಮಳಿಗೆಗಳು ಬೂದಿಯಾದವು. ಕೋಲ್ಕತ್ತದ ಹಾಗ್ ಮಾರ್ಕೆಟ್ 1985ರಲ್ಲಿ ಸುಟ್ಟು ಒಂದು ಭಾಗವನ್ನು ಹೊಸದಾಗಿಯೇ ಕಟ್ಟಬೇಕಾಯಿತು. ತೇಗದ ಜಂತೆ, ಹುಲ್ಲು ಹೊದಿಸಿದ ಹಣ್ಣಿನ ಬುಟ್ಟಿ, ಗೋಣಿಚೀಲ, ಕರ್ಪೂರ, ಎಣ್ಣೆ, ಒಂದರ ಮೇಲೊಂದು ಎಳೆದ ವೈರು: ಇದು ಅಲ್ಲಿರುವ ಸರಕು. ಸ್ಪ್ರಿಂಕ್ಲರ್ ಹಾಕೋಣ ಎಂದರೆ 50,000 ಲೀಟರಿನ ತೊಟ್ಟಿ ಎಂಬುದು 50 ಟನ್. ಮದ್ರಾಸ್ ತಾರಸಿಯ ಮೇಲೆ ಅದನ್ನಿಡುವ ಮಾತೇ ಇಲ್ಲ, ನೆಲದಡಿ ತೋಡಿದರೆ ಪಕ್ಕದ ಪಾಯದ ಬುಡ ಸಡಿಲ. ಓಣಿ ಅಗಲಿಸಿದರೆ ಪರ ಬರಹ ಹೊಗಳಿದ ಆ ನಕ್ಷೆಯೇ ಹೋಗುತ್ತದೆ. ಅಗಲಿಸದಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರಲಾರದು. ಹೊಸದಾಗಿ ಕಟ್ಟುವಾಗ ಅದೇ ಓಣಿಗಳನ್ನಿಟ್ಟುಕೊಂಡು ಹತ್ತು ಅಂಗಡಿಗೊಂದು ಬೆಂಕಿ ತಡೆಯುವ ಅಡ್ಡಗೋಡೆ, ನೆಲದಡಿ ತೊಟ್ಟಿ, ಪ್ರತಿ ಸಾಲಿಗೆ ಬೇರೆ ಮೀಟರು ಮತ್ತು ಟ್ರಿಪ್ಪರ್, ಮೀನು ತರಕಾರಿ ನೀರಿಗೆ ಮುಚ್ಚಿದ ಮೋರಿ ಕೊಡಲು ಸಾಧ್ಯ.

"ನಕಲು ಕಟ್ಟಡಕ್ಕೆ ಏನು ಬೆಲೆ?" ಎಂದು ಕೇಳುತ್ತಾರೆ. ಮೈಸೂರಿನಲ್ಲಿ ನಿಂತು ಈ ಪ್ರಶ್ನೆ ಕೇಳುವುದು ತಮಾಷೆ. ಮರದ ಹಳೆಯ ಅರಮನೆ 1897ರಲ್ಲಿ ಸುಟ್ಟುಹೋಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅದೇ ಜಾಗದಲ್ಲಿ ಕಲ್ಲು, ಇಟ್ಟಿಗೆ ಮತ್ತು ಗ್ಲಾಸ್ಗೋದಿಂದ ಬಂದ ಎರಕದ ಕಬ್ಬಿಣದ ಕಂಬಗಳಲ್ಲಿ ಹೊಸದನ್ನು ಕಟ್ಟಿದ, 1912ರಲ್ಲಿ ಮುಗಿಯಿತು. ಬೆಂಕಿಗೆ ಹೆದರಿ ಮರವನ್ನು ಬೇಕೆಂದೇ ಕಡಿಮೆ ಮಾಡಿದ್ದ. ಇಂದು ದಸರಾ ನೋಡಲು ಬರುವವರು ಯಾರೂ ಅದನ್ನು ಬದಲಿ ಅರಮನೆ ಎನ್ನುವುದಿಲ್ಲ. ಅದೇ 1912ರಲ್ಲಿ ವೆನಿಸ್ಸಿನ ಸಂತ ಮಾರ್ಕನ ಗಂಟೆಗೋಪುರವೂ ಮತ್ತೆ ತೆರೆಯಿತು. 1902ರಲ್ಲಿ ಕುಸಿದು ಇಟ್ಟಿಗೆ ರಾಶಿಯಾಗಿತ್ತು. ಇದ್ದಲ್ಲೇ, ಇದ್ದ ಹಾಗೆಯೇ ಕಟ್ಟುತ್ತೇವೆ ಎಂದು ತೀರ್ಮಾನಿಸಿ, ಪಾಯ ಅಗಲಿಸಿ, ಒಳಗೆ ಹೊಸ ರಚನೆ ಕೊಟ್ಟರು. ಹೈಕೋರ್ಟ್ 2023ರಲ್ಲಿ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಎರಡನ್ನೂ ಕೆಡವಿ ಕಟ್ಟುವ ನಿರ್ಧಾರವನ್ನು ಎತ್ತಿಹಿಡಿದಾಗ ಪರಂಪರೆಗೆ ಮರಣದಂಡನೆ ಎಂದವರು ಈ ಎರಡನ್ನೂ ನೆನೆಯಬೇಕು.

ಹಾಗೆಂದು ಬುಲ್ಡೋಜರ್ ತರುವುದನ್ನು ನಾನು ಹೇಳುತ್ತಿಲ್ಲ. ಬಿಚ್ಚುವುದು ಬೇರೆ, ಕೆಡವುವುದು ಬೇರೆ. ಮೊದಲು ಲೇಸರ್ ಸ್ಕ್ಯಾನ್ ಮಾಡಿ ಪ್ರತಿ ಕಮಾನಿನ ಅಳತೆ, ಪ್ರತಿ ಗಾರೆಯಚ್ಚಿನ ಎರಕ ತೆಗೆದಿಟ್ಟುಕೊಳ್ಳಬೇಕು. ಜಂತೆ, ಕಲ್ಲುಕಂಬ, ಕಬ್ಬಿಣದ ಬ್ರಾಕೆಟ್ಟು, ಹೆಂಚುಗಳಿಗೆ ನಂಬರು ಹೊಡೆದು ಇಳಿಸಬೇಕು. ಸುಣ್ಣದ ಗಾರೆಯ ದೊಡ್ಡ ಅನುಕೂಲವೆಂದರೆ ಇಟ್ಟಿಗೆ ಇಡಿಯಾಗಿ ಬಿಟ್ಟುಬರುತ್ತದೆ. ಸಿಮೆಂಟ್ ಗಾರೆಯಲ್ಲಾದರೆ ಒಡೆಯುತ್ತದೆ. ನೀರಿನಲ್ಲಿ ನೆನೆಹಾಕಿ, ಬಡಿದಾಗ ಖಣಿ ಎನ್ನುವ ಇಟ್ಟಿಗೆಯನ್ನು ಹೊರಮುಖಕ್ಕೆ, ಮಂಕು ಸದ್ದಿನದನ್ನು ಸುರ್ಕಿಗೆ ಬೇರ್ಪಡಿಸಬಹುದು. ಹೊಸ ಪಾಯವನ್ನು ಹಳೆಯ ನಾಲೆಯ ತುಂಬು ಮಣ್ಣು ದಾಟಿ ಗಟ್ಟಿ ನೆಲಕ್ಕೆ ಇಳಿಸಬೇಕು. ಚಾವಣಿಯ ಭಾರ ಒಳಗಿನ ಆರ್‌ಸಿಸಿ ಚೌಕಟ್ಟಿಗೆ, ಹಳೆಯ ಇಟ್ಟಿಗೆ ಅದರ ಸುತ್ತ. ಎರಡರ ನಡುವೆ ಸ್ಟೇನ್‌ಲೆಸ್ ಸ್ಟೀಲಿನ ಟೈ (ಜೋಡುಪಟ್ಟಿ) ಕೊಟ್ಟು, ಸುಣ್ಣದ ಕೆಲಸ ತನ್ನಷ್ಟಕ್ಕೆ ಅಲುಗಲು ಸಂದು ಬಿಡಬೇಕು. ಆರ್‌ಸಿಸಿ ಐವತ್ತು ವರ್ಷಕ್ಕೆ ಮುದಿಯಾಗುತ್ತದೆ ಎನ್ನುವುದು ಕಂಬಿಯ ಮೇಲೆ 20 ಮಿ.ಮೀ. ಕಾಂಕ್ರೀಟಿನ ಹೊದಿಕೆ (ಕವರ್) ಕೊಟ್ಟು ತೇವದಲ್ಲಿ ನಿಲ್ಲಿಸಿದರೆ ನಿಜ; 45 ಕೊಟ್ಟು, ನೆಲ ತೊಳೆಯುವ ನೀರು ಬುಡಕ್ಕೆ ತಾಗದಂತೆ ಕಲ್ಲಿನ ಪಟ್ಟಿ ಕೂರಿಸಿದರೆ ಅಲ್ಲ.

ಕೆ.ಆರ್. ಮಾರುಕಟ್ಟೆಯ ಬಗ್ಗೆ ಪರ ಬರಹ ಹೇಳಿದ್ದನ್ನು ನಾನು ಷರತ್ತಾಗಿಯೇ ತೆಗೆದುಕೊಳ್ಳುತ್ತೇನೆ. ಎರಡನೆಯ ಮಹಡಿ ಬೇಡ, ನೆಲಮಾಳಿಗೆಯ ಪಾರ್ಕಿಂಗ್ ಬೇಡ. ವಿನ್ಯಾಸದಲ್ಲಿ ಒಂದು ಮಹಡಿ ಹೆಚ್ಚು ಬರೆದುಕೊಂಡ ದಿನವೇ ಮಾರುಕಟ್ಟೆ ಕಾಂಪ್ಲೆಕ್ಸ್ ಆಗುತ್ತದೆ, ಬಾಡಿಗೆ ನಾಲ್ಕು ಪಟ್ಟಾಗುತ್ತದೆ, ವೀಳ್ಯದೆಲೆ ಮಾರುವವರು ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿಗೆ ಬರುತ್ತಾರೆ. ಬಾಡಿಗೆದಾರರು ಮರುನಿರ್ಮಾಣವನ್ನು ವಿರೋಧಿಸುವುದು ಇಟ್ಟಿಗೆಯ ಮೇಲಿನ ಪ್ರೀತಿಗಲ್ಲ, ಹೊರಹೋದವರಿಗೆ ಮತ್ತೆ ಒಳಗೆ ಜಾಗ ಸಿಗುವ ಭರವಸೆ ಇಲ್ಲವೆಂದು. ಅವರ ಅನುಮಾನ ಸಕಾರಣ. ಹಾಗಾಗಿ ಮೊದಲ ಹೆಂಚು ಇಳಿಸುವ ಮುನ್ನ ಅಂಗಡಿ ನಂಬರು, ಚದರಡಿ, ಯಾವ ಓಣಿ, ಎಷ್ಟು ಬಾಡಿಗೆ, ಎಂದು ವಾಪಸು ಎಂಬುದನ್ನೆಲ್ಲ ಬರೆದ ನೋಂದಾಯಿತ ಕರಾರು ಪ್ರತಿಯೊಬ್ಬರ ಕೈಯಲ್ಲಿರಬೇಕು. ಶೌಚಾಲಯ, ನೀರು, ಕರೆಂಟು ಇರುವ ತಾತ್ಕಾಲಿಕ ಶೆಡ್ಡು ನಡೆದು ಹೋಗುವಷ್ಟು ಹತ್ತಿರದಲ್ಲಿ ಎದ್ದಿರಬೇಕು. ಈ ಎರಡೂ ಆಗುವವರೆಗೆ ಮರುನಿರ್ಮಾಣದ ಟೆಂಡರ್ ಕರೆಯುವುದನ್ನು ನಾನೂ ಒಪ್ಪುವುದಿಲ್ಲ. ಅಲ್ಲಿಯ ತನಕ ಕಮಾನುಗಳಿಗೆ ಊರೆ, ತಾರಸಿಯ ಪೈಪುಗಳಿಗೆ ಜಾಲರಿ, ಅಟ್ಟ ಖಾಲಿ ಮಾಡಿಸುವ ನೋಟಿಸು, ಇಷ್ಟನ್ನು ಪಾಲಿಕೆ ನಾಳೆಯೇ ಮಾಡಬಹುದು. ಅದಕ್ಕೆ ಯಾವ ಸಮಿತಿಯ ವರದಿಯೂ ಬೇಕಿಲ್ಲ.